ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಸೌರ ಫಲಕ: ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೌರ ಫಲಕವನ್ನು ಮನೆಯಲ್ಲಿ ತಯಾರಿಸುವುದು ನಿಜವಾಗಿಯೂ ಸಾಧ್ಯವೇ?

ಸಾಧ್ಯವಿದೆ. ಆದರೆ ಯಾವ ಕೆಲಸ ಮನೆಯಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಿಲಿಕಾನ್ ಸೆಲ್ಲುಗಳು ಕಾರ್ಖಾನೆಯಲ್ಲಿಯೇ ಆಗಬೇಕು. ಅವುಗಳನ್ನು ಕೊಂಡು ತರಲೇಬೇಕು. ಮನೆಯಲ್ಲಿ ಮಾಡಬಹುದಾದದ್ದು ಆ ಸೆಲ್ಲುಗಳನ್ನು ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಬೆಸೆದು, ಗಾಜಿನ ಹಿಂದೆ ಭದ್ರಪಡಿಸಿ, ಚೌಕಟ್ಟಿಗೆ ಕೂರಿಸಿ, ನೀರು ಮತ್ತು ಧೂಳು ಒಳಗೆ ಹೋಗದಂತೆ ಮುಚ್ಚುವ ಕೆಲಸ. ರೇಡಿಯೋ, ಮಿಕ್ಸರ್ ದುರಸ್ತಿ ಮಾಡಿ ಬೆಸುಗೆಯ ಕೈ ಪಳಗಿದವರಿಗೆ ಇದು ಕಠಿಣವಲ್ಲ. ಹೊಸಬರು ಮೊದಲು ಒಡೆದ ಸೆಲ್ಲಿನ ಚೂರುಗಳ ಮೇಲೆ ಕೈ ಕುದುರಿಸಿಕೊಳ್ಳುವುದು ಒಳ್ಳೆಯದು.

ಕಾರ್ಖಾನೆಯ ಫಲಕಕ್ಕಿಂತ ಇದು ಅಗ್ಗವಾಗುತ್ತದೆಯೇ?

ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವುದು ಅಗತ್ಯ, ಏಕೆಂದರೆ ಹೆಚ್ಚಿನವರು ಇಲ್ಲಿಯೇ ತಪ್ಪು ಲೆಕ್ಕ ಹಾಕಿ ಹಣ ಕಳೆದುಕೊಳ್ಳುತ್ತಾರೆ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಸಿದ್ಧ ಫಲಕಗಳು ದುಬಾರಿಯಾಗಿದ್ದಾಗ ಮನೆಯ ಜೋಡಣೆಯಿಂದ ದೊಡ್ಡ ಉಳಿತಾಯವಾಗುತ್ತಿತ್ತು. ಈಗ ಸಿದ್ಧ ಫಲಕಗಳ ಬೆಲೆ ಬಹಳ ಇಳಿದಿರುವುದರಿಂದ, ಸೆಲ್ಲು, ಗಾಜು, ಅಲ್ಯೂಮಿನಿಯಂ, ಸಿಲಿಕೋನ್ ಅಂಟು, ತಾಮ್ರದ ಪಟ್ಟಿ ಎಲ್ಲವನ್ನೂ ಚಿಲ್ಲರೆ ದರದಲ್ಲಿ ಕೊಂಡು ಮಾಡಿದ 150 ವ್ಯಾಟ್‌ ಫಲಕವು ಅಂಗಡಿಯ ಫಲಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಖರ್ಚಿಗೆ ಬರುತ್ತದೆ. ಕೆಲಸಕ್ಕೆ ಇಳಿಯುವ ಮುನ್ನ ಎಲ್ಲ ಸಾಮಗ್ರಿಯ ಬೆಲೆ ಕೂಡಿಸಿ, ಫಲಕ ಕೊಡಬಲ್ಲ ವ್ಯಾಟ್‌ಗಳಿಂದ ಭಾಗಿಸಿ, ಪ್ರತಿ ವ್ಯಾಟ್‌ಗೆ ಎಷ್ಟು ರೂಪಾಯಿ ಬಿದ್ದಿತು ಎಂದು ನೋಡಿರಿ. ಅದೇ ದಿನ ಅಂಗಡಿಯಲ್ಲಿ ಸಿದ್ಧ ಫಲಕದ ದರವನ್ನೂ ಕೇಳಿ, ಅದನ್ನೂ ವ್ಯಾಟ್‌ಗಳಿಂದ ಭಾಗಿಸಿ ಹೋಲಿಸಿರಿ.

ಹಾಗಾದರೆ ಉಳಿತಾಯ ಎಲ್ಲಿದೆ? ಸೆಲ್ಲುಗಳು ಕಡಿಮೆ ಬೆಲೆಗೆ ಸಿಕ್ಕಾಗ, ಕಿಟಕಿ ಕೆಲಸದವರ ಬಳಿ ಉಳಿದ ಅಲ್ಯೂಮಿನಿಯಂ ಮತ್ತು ಗಾಜಿನ ತುಂಡುಗಳು ದೊರೆತಾಗ, ಬೇಕಾದ ಫಲಕ 20ರಿಂದ 60 ವ್ಯಾಟ್‌ನಷ್ಟು ಚಿಕ್ಕದಾಗಿದ್ದಾಗ ನಿಜವಾದ ಉಳಿತಾಯವಾಗುತ್ತದೆ. ಚಿಕ್ಕ ಸಿದ್ಧ ಫಲಕಗಳಿಗೆ ಪ್ರತಿ ವ್ಯಾಟ್‌ನ ದರ ದೊಡ್ಡವುಗಳಿಗಿಂತ ಯಾವಾಗಲೂ ಹೆಚ್ಚು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬ್ಯಾಟರಿ ಇರುವ ವ್ಯವಸ್ಥೆಯಲ್ಲಿ ಫಲಕಕ್ಕಿಂತ ಬ್ಯಾಟರಿಗೇ ಹೆಚ್ಚು ಹಣ ಹೋಗುತ್ತದೆ ಮತ್ತು ಅದನ್ನೇ ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ. ಆದ್ದರಿಂದ ಬಳಕೆಯನ್ನು ಸರಿಯಾಗಿ ಅಳೆದು ಚಿಕ್ಕ ಬ್ಯಾಟರಿಯಲ್ಲಿ ಕೆಲಸ ಮುಗಿಸುವವರಿಗೆ ಆಗುವ ಉಳಿತಾಯ, ಫಲಕವನ್ನು ಕೈಯಿಂದ ಕಟ್ಟುವುದರಿಂದ ಆಗುವ ಉಳಿತಾಯಕ್ಕಿಂತ ದೊಡ್ಡದು.

ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಇರುವಾಗ ಇದು ಯಾರಿಗೆ ಬೇಕು?

ಊರೊಳಗಿನ ಮನೆಯ ಬಿಲ್ಲು ಇಳಿಸುವುದಕ್ಕೆ ಇದು ಬೇಕಿಲ್ಲ. 2023ರಲ್ಲಿ ಆರಂಭವಾದ ಆ ಯೋಜನೆ ಮನೆಯ ಮೀಟರಿಗೆ ಮಾತ್ರ ಅನ್ವಯಿಸುತ್ತದೆ. ಕುಷ್ಟಗಿ, ಲಿಂಗಸುಗೂರು ಕಡೆಯ ಹೊಲದ ಗುಡಿಸಲಿಗೆ, ಊರೂರು ತಿರುಗುವ ಕುರಿಗಾರರ ಹಟ್ಟಿಗೆ, ದಾಳಿಂಬೆ ತೋಟದ ಕಾವಲಿನವರಿಗೆ, ರಾತ್ರಿ ನೀರು ಕಟ್ಟಲು ಹೋಗುವ ಭತ್ತದ ರೈತರಿಗೆ ಮೀಟರೇ ಇರುವುದಿಲ್ಲ. ಪಂಪ್‌ಸೆಟ್‌ ಲೈನಿನಲ್ಲಿ ಮೂರು ಫೇಸ್‌ ವಿದ್ಯುತ್ತು ದಿನದ ಕೆಲವೇ ಗಂಟೆ ಬರುತ್ತದೆ. ಅಂಥ ಜಾಗದಲ್ಲಿ ಎರಡು ದೀಪ, ಎರಡು ಮೊಬೈಲು, ಒಂದು ಚಿಕ್ಕ ಫ್ಯಾನು ನಡೆಸುವ ಫಲಕಕ್ಕೆ ನಿಜವಾದ ಬೆಲೆಯಿದೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ತಯಾರಾಗುವ ಶಾಲಾ ಮಕ್ಕಳಿಗೂ ಐಟಿಐ ವಿದ್ಯಾರ್ಥಿಗಳಿಗೂ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ನನಗೆ ಎಷ್ಟು ವ್ಯಾಟ್‌ ಫಲಕ ಬೇಕೆಂದು ಹೇಗೆ ಲೆಕ್ಕ ಹಾಕಬೇಕು?

ಪ್ರತಿಯೊಂದು ಉಪಕರಣದ ವ್ಯಾಟ್‌ ಅನ್ನು ಅದು ಉರಿಯುವ ಗಂಟೆಗಳಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿರಿ. ಉದಾಹರಣೆಗೆ, 5 ವ್ಯಾಟ್‌ನ ಎರಡು ಎಲ್‌ಇಡಿ ದೀಪಗಳು ಐದು ಗಂಟೆ ಉರಿದರೆ 50 ವ್ಯಾಟ್‌-ಗಂಟೆ; ಎರಡು ಮೊಬೈಲುಗಳ ಚಾರ್ಜಿಗೆ ಸುಮಾರು 20; ಒಟ್ಟು 70. ನಮ್ಮ ಮೂರು ಜಿಲ್ಲೆಗಳಲ್ಲಿ ಬೀಳುವ ಬಿಸಿಲು, ವರ್ಷದ ಸರಾಸರಿಯಲ್ಲಿ, ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲು ಬಿದ್ದುದಕ್ಕೆ ಸಮ ಅಥವಾ ಅದಕ್ಕಿಂತ ತುಸು ಹೆಚ್ಚು. ಬಿಸಿ, ಧೂಳು, ವೈರು, ಬ್ಯಾಟರಿ ಇವುಗಳಲ್ಲಿ ಸೋರಿಹೋಗುವುದನ್ನು ಕಳೆದರೆ ಫಲಕದ ಹೆಸರಿನ ಸಾಮರ್ಥ್ಯದಲ್ಲಿ ಸುಮಾರು 65 ಶೇಕಡ ಮಾತ್ರ ಕೈಗೆ ಹತ್ತುತ್ತದೆ ಎಂದು ಹಿಡಿಯುವುದು ಕ್ಷೇಮ. 70ನ್ನು ಐದರಿಂದ ಭಾಗಿಸಿ, ಮತ್ತೆ 0.65ರಿಂದ ಭಾಗಿಸಿದರೆ 22 ವ್ಯಾಟ್‌ ಬರುತ್ತದೆ. ಮೋಡದ ದಿನಗಳನ್ನು ಗಮನದಲ್ಲಿಟ್ಟು 40 ವ್ಯಾಟ್‌ ಮಾಡಿಕೊಂಡರೆ ಶ್ರಾವಣದಲ್ಲೂ ಕತ್ತಲೆಯಾಗುವುದಿಲ್ಲ. ಇದಕ್ಕೆ 28 ವ್ಯಾಟ್‌ನ ಬಿಎಲ್‌ಡಿಸಿ ಎಂಬ ಕಡಿಮೆ ವಿದ್ಯುತ್ತಿನ ಫ್ಯಾನನ್ನು ಆರು ಗಂಟೆ ಸೇರಿಸಿದರೆ ಇನ್ನೂ 168 ವ್ಯಾಟ್‌-ಗಂಟೆ ಬೇಕಾಗುತ್ತದೆ. ಒಂದೇ ಒಂದು ಫ್ಯಾನು ಇಡೀ ಲೆಕ್ಕವನ್ನು ಮೂರು ಪಟ್ಟಿಗಿಂತ ಹೆಚ್ಚು ಏರಿಸಿತು ಎಂಬುದನ್ನು ಗಮನಿಸಿರಿ.

12 ವೋಲ್ಟ್‌ ಬ್ಯಾಟರಿಯ ಫಲಕಕ್ಕೆ ಎಲ್ಲರೂ 36 ಸೆಲ್ಲು ಎನ್ನುತ್ತಾರೆ. 30 ಅಥವಾ 32 ಹಾಕಿ ಹಣ ಉಳಿಸಬಾರದೇ?

ಬೇರೆ ಪ್ರದೇಶದಲ್ಲಿ ಹೇಗೋ ಆದೀತು, ನಮ್ಮಲ್ಲಿ ಆಗದು. ಸೆಲ್ಲು ಚಿಕ್ಕದಿರಲಿ ದೊಡ್ಡದಿರಲಿ, ಕೆಲಸ ಮಾಡುವಾಗ ಸುಮಾರು ಅರ್ಧ ವೋಲ್ಟ್‌ ಮಾತ್ರ ಕೊಡುತ್ತದೆ. ಗಾತ್ರದಿಂದ ಬದಲಾಗುವುದು ಆಂಪಿಯರ್‌, ಅಂದರೆ ಹರಿಯುವ ವಿದ್ಯುತ್ತಿನ ಪ್ರಮಾಣ. 36 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್‌ ಆಗುತ್ತದೆ. 12 ವೋಲ್ಟ್‌ ಬ್ಯಾಟರಿ ಪೂರ್ತಿ ಚಾರ್ಜ್‌ ಆಗಲು 14.4 ವೋಲ್ಟ್‌ ಸಾಕಲ್ಲವೇ, ಹೆಚ್ಚಿನದು ವ್ಯರ್ಥವಲ್ಲವೇ ಎಂದು ಕೇಳುವುದು ಸಹಜ. ಆದರೆ ಆ 18 ವೋಲ್ಟ್‌ ಎಂಬುದು ಸೆಲ್ಲಿನ ಉಷ್ಣತೆ 25 ಡಿಗ್ರಿ ಇದ್ದಾಗಿನ ಅಳತೆ. ರಾಯಚೂರಿನಲ್ಲಿ ಏಪ್ರಿಲ್‌, ಮೇ ತಿಂಗಳಲ್ಲಿ ಗಾಳಿಯೇ 42 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿರುವ ಸೆಲ್ಲು ಗಾಳಿಗಿಂತ 25–30 ಡಿಗ್ರಿ ಹೆಚ್ಚು ಕಾಯುವುದರಿಂದ 65–70 ಡಿಗ್ರಿ ಮುಟ್ಟುತ್ತದೆ. ಪ್ರತಿ ಡಿಗ್ರಿ ಏರಿಕೆಗೆ ಸುಮಾರು 0.4 ಶೇಕಡ ಸಾಮರ್ಥ್ಯ ಇಳಿಯುತ್ತದೆ, ಮತ್ತು ಆ ಇಳಿತದ ಬಹುಪಾಲು ವೋಲ್ಟೇಜಿನಲ್ಲೇ ಆಗುತ್ತದೆ. ಹಾಗಾಗಿ 18 ವೋಲ್ಟ್‌ ಎನ್ನುವುದು ನಡು ಮಧ್ಯಾಹ್ನ 15ರ ಆಸುಪಾಸಿಗೆ ಬರುತ್ತದೆ. 32 ಸೆಲ್ಲಿನ ಫಲಕದ 16 ವೋಲ್ಟ್‌ 13.5ಕ್ಕೆ ಕುಸಿಯುತ್ತದೆ, ಆಗ ಮಧ್ಯಾಹ್ನದ ಉರಿಬಿಸಿಲಿನಲ್ಲೇ ಬ್ಯಾಟರಿ ತುಂಬುವುದು ನಿಂತುಹೋಗುತ್ತದೆ. ನಾಲ್ಕು ಸೆಲ್ಲಿನ ಹಣ ಉಳಿಸಲು ಹೋಗಿ ಬ್ಯಾಟರಿಯನ್ನು ಸದಾ ಅರೆಹೊಟ್ಟೆಯಲ್ಲಿಟ್ಟರೆ ಅದು ಬೇಗ ಸಾಯುತ್ತದೆ.

ನಮ್ಮಲ್ಲಿ ಬಿಸಿಲು ಹೆಚ್ಚು, ಆದ್ದರಿಂದ ವಿದ್ಯುತ್ತೂ ಹೆಚ್ಚು ಎಂಬ ನಂಬಿಕೆಯನ್ನೂ ಇಲ್ಲಿಯೇ ತಿದ್ದಿಕೊಳ್ಳಬೇಕು. ಸೆಲ್ಲಿಗೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಶತ್ರು. ತಿಳಿಯಾದ ಆಕಾಶವಿರುವ ಫೆಬ್ರುವರಿಯ ದಿನದಲ್ಲಿ ಫಲಕ ಮೇ ತಿಂಗಳಿಗಿಂತ ಹುರುಪಿನಿಂದ ದುಡಿಯುವುದನ್ನು ನೀವೇ ಮೀಟರಿನಲ್ಲಿ ಕಾಣಬಹುದು.

40 ವ್ಯಾಟ್‌ ಸಾಕಾದವರು 36 ದೊಡ್ಡ ಸೆಲ್ಲುಗಳನ್ನು ಏಕೆ ಕೊಳ್ಳಬೇಕು?

ಕೊಳ್ಳಬೇಕಾಗಿಲ್ಲ. 156 ಮಿಲಿಮೀಟರ್‌ ಚೌಕದ ಪೂರ್ಣ ಸೆಲ್ಲು ಸುಮಾರು 4ರಿಂದ 4.5 ವ್ಯಾಟ್‌ ಕೊಡುತ್ತದೆ. 36 ಹಾಕಿದರೆ 150 ವ್ಯಾಟ್‌ ಆಸುಪಾಸು. ಅದನ್ನೇ ಕಾಲು ಭಾಗವಾಗಿ ಕತ್ತರಿಸಿದ ತುಂಡುಗಳು ಅದೇ ಅರ್ಧ ವೋಲ್ಟ್‌ ಕೊಟ್ಟು, ಆಂಪಿಯರ್‌ ಮಾತ್ರ ಕಾಲು ಭಾಗ ಕೊಡುತ್ತವೆ. ಒಂಬತ್ತು ಪೂರ್ಣ ಸೆಲ್ಲುಗಳಷ್ಟು ಸಿಲಿಕಾನಿನಿಂದ 36 ತುಂಡುಗಳಾಗಿ, ಸರಿಸುಮಾರು 40 ವ್ಯಾಟ್‌ ಸಿಗುತ್ತದೆ. ಕತ್ತರಿಸುವ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿರಿ. ಸೆಲ್ಲಿನ ದಪ್ಪ 0.2 ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲ. ಲೇಸರಿನಿಂದ ಕತ್ತರಿಸಿದ ತುಂಡುಗಳನ್ನೇ ತರಿಸಿಕೊಳ್ಳಿರಿ. ಅಂಚು ಮುರಿದ ಸೆಲ್ಲುಗಳೂ ಕೆಲಸಕ್ಕೆ ಬರುತ್ತವೆ, ಆದರೆ ಒಂದೇ ಸಾಲಿನಲ್ಲಿ ಎಲ್ಲವೂ ಬಹುತೇಕ ಸಮ ಗಾತ್ರವಿರಬೇಕು. ಸಾಲಿನಲ್ಲಿ ಹರಿಯುವ ವಿದ್ಯುತ್ತು ಕಾಲುವೆಯ ನೀರಿನಂತೆ: ತೂಬುಗಳಲ್ಲಿ ಅತಿ ಕಿರಿದಾದದ್ದು ಎಷ್ಟು ಬಿಡುತ್ತದೆಯೋ ಅಷ್ಟೇ ಮುಂದಕ್ಕೆ ಹೋಗುತ್ತದೆ.

ಯಾವ ಸಾಮಗ್ರಿ ಬೇಕು, ಎಲ್ಲಿ ಸಿಗುತ್ತದೆ?

ಸೆಲ್ಲು, ಬೆಸುಗೆ ಲೇಪಿಸಿದ ತಾಮ್ರದ ಪಟ್ಟಿ, ಸಾಲುಗಳನ್ನು ಕೂಡಿಸುವ ಅಗಲವಾದ ಪಟ್ಟಿ, ಫ್ಲಕ್ಸ್‌ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ದ್ರವ) ಪೆನ್ನು ಇವು ನಮ್ಮ ಊರುಗಳ ಅಂಗಡಿಯಲ್ಲಿ ಅಪರೂಪ. ಆನ್‌ಲೈನಿನಲ್ಲೋ ಬೆಂಗಳೂರು, ಹೈದರಾಬಾದಿನ ಎಲೆಕ್ಟ್ರಾನಿಕ್ಸ್‌ ಮಾರುಕಟ್ಟೆಯಲ್ಲೋ ದೊರೆಯುತ್ತವೆ. ಸೆಲ್ಲುಗಳನ್ನು 36ರ ಬದಲು ಏಳೆಂಟು ಹೆಚ್ಚಾಗಿಯೇ ತರಿಸಿರಿ, ಸಾಗಣೆಯಲ್ಲೂ ಬೆಸುಗೆಯಲ್ಲೂ ಒಡೆಯುವುದು ಇದ್ದದ್ದೇ. ಗಾಜು, ಅಲ್ಯೂಮಿನಿಯಂ, ಸಿಲಿಕೋನ್‌ ಟ್ಯೂಬು ಇವೆಲ್ಲ ಗಂಗಾವತಿ, ಸಿಂಧನೂರು, ಬಳ್ಳಾರಿಯ ಕಿಟಕಿ-ಬಾಗಿಲು ಕೆಲಸದವರ ಬಳಿ ಇವೆ. ಬೆಸುಗೆಯ ಐರನ್‌ 40–60 ವ್ಯಾಟ್‌ನದು, ಉಷ್ಣತೆ ಹೊಂದಿಸುವ ಸೌಲಭ್ಯವಿರುವುದು ಉತ್ತಮ. 10 ಆಂಪಿಯರ್‌ವರೆಗೆ ಡಿಸಿ ಅಳೆಯುವ ಮಲ್ಟಿಮೀಟರ್‌ ಇಲ್ಲದೆ ಕೆಲಸ ಶುರು ಮಾಡಲೇಬೇಡಿರಿ.

ಬೆಸುಗೆ ಹಾಕುವಾಗ ಸೆಲ್ಲುಗಳು ಒಡೆಯದಂತೆ ನೋಡಿಕೊಳ್ಳುವುದು ಹೇಗೆ?

ಕೆಲಸದ ಎಲ್ಲ ಏಳುಬೀಳು ಇಲ್ಲಿಯೇ ಇರುವುದರಿಂದ ತುಸು ವಿಸ್ತಾರವಾಗಿ ಹೇಳುತ್ತೇನೆ. ಮೊದಲು ಜಾಗ: ಪೂರ್ತಿ ಸಮತಟ್ಟಾದ ಮೇಲ್ಮೈ ಬೇಕು. ನುಣುಪಾದ ಶಹಾಬಾದ್‌ ಕಲ್ಲಿನ ಹಾಸು ಇದ್ದವರು ಅದರ ಮೇಲೆ ದಪ್ಪ ರಟ್ಟು ಹಾಸಿಕೊಳ್ಳಬಹುದು. ಬರಿಯ ಕಲ್ಲಿನ ಮೇಲೆ ಬೇಡ, ಕಲ್ಲು ಐರನ್ನಿನ ಕಾವನ್ನೆಲ್ಲ ಹೀರಿಕೊಂಡು ಬೆಸುಗೆ ಕೂಡದಂತೆ ಮಾಡುತ್ತದೆ. ಮೇಲಿನ ಫ್ಯಾನು ನಿಲ್ಲಿಸಿರಿ. ಬೇಸಿಗೆಯಲ್ಲಿ ಇದು ಕಷ್ಟದ ಮಾತು, ಆದರೆ ಗಾಳಿಗೆ ಸೆಲ್ಲು ಎದ್ದು ಒಡೆಯುತ್ತದೆ. ಬೆವರಿನ ಕೈಯೂ ಸೆಲ್ಲಿಗೆ ತಾಗಬಾರದು. ಆದ್ದರಿಂದ ಬೆಳಗಿನ ಜಾವ ಅಥವಾ ರಾತ್ರಿ ಕುಳಿತುಕೊಳ್ಳುವುದು ಮೇಲು.

ಸಾಮಾನ್ಯ ಸೆಲ್ಲಿನಲ್ಲಿ ಬಿಸಿಲು ನೋಡುವ ನೀಲಿ ಅಥವಾ ಕಪ್ಪು ಮುಖ ಋಣ, ಬೂದು ಬಣ್ಣದ ಹಿಂಬದಿ ಧನ. ಮುಂಭಾಗದ ಬೆಳ್ಳಿಗೆರೆಯ ಮೇಲೆ ಫ್ಲಕ್ಸ್‌ ಎಳೆದು, ಸೆಲ್ಲಿನ ಉದ್ದದ ಎರಡರಷ್ಟಿರುವ ತಾಮ್ರದ ಪಟ್ಟಿಯನ್ನು ಅದರ ಮೇಲಿಟ್ಟು, 350 ಡಿಗ್ರಿಯ ಸುಮಾರಿಗೆ ಕಾದ ಐರನ್ನನ್ನು ಪಟ್ಟಿಯ ಮೇಲೆ ಒತ್ತದೆ, ಒಂದೇ ವೇಗದಲ್ಲಿ ಜಾರಿಸಿರಿ. ಪಟ್ಟಿಗೆ ಮೊದಲೇ ಬೆಸುಗೆಯ ಲೇಪವಿರುವುದರಿಂದ ಹೆಚ್ಚಿನ ಸೀಸ ಬೇಕಾಗುವುದಿಲ್ಲ. ಒಂದೇ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ ಬೆಳ್ಳಿಗೆರೆಯೇ ಕಿತ್ತುಬರುತ್ತದೆ. 36 ಸೆಲ್ಲುಗಳ ಮುಂಭಾಗ ಮುಗಿದ ಬಳಿಕ ಎಲ್ಲವನ್ನೂ ಮಗುಚಿ, ಒಂದರ ಮುಂಭಾಗದಿಂದ ಬಂದ ಪಟ್ಟಿಯನ್ನು ಮುಂದಿನದರ ಹಿಂಬದಿಗೆ ಬೆಸೆಯುತ್ತ ಒಂಬತ್ತರ ನಾಲ್ಕು ಸಾಲು ಮಾಡಿರಿ.

ಎರಡು ಸೆಲ್ಲುಗಳ ನಡುವೆ ಮೂರರಿಂದ ಐದು ಮಿಲಿಮೀಟರ್‌ ಬಿಟ್ಟು, ಅಲ್ಲಿ ಪಟ್ಟಿಗೆ ಸಣ್ಣ ಬಾಗು ಕೊಡುವುದನ್ನು ಮರೆಯಬಾರದು. ತಾಮ್ರವು ಕಾದಾಗ ಸಿಲಿಕಾನಿಗಿಂತ ಆರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಚಳಿಗಾಲದ ಬೆಳಗ್ಗೆ 15 ಡಿಗ್ರಿಯಲ್ಲಿದ್ದ ಸೆಲ್ಲು ಮಧ್ಯಾಹ್ನಕ್ಕೆ 55 ಆಗುತ್ತದೆ. ಪ್ರತಿ ದಿನ ಈ ಹಿಗ್ಗು-ಕುಗ್ಗು ನಡೆಯುವಾಗ ಬಾಗಿಲ್ಲದ ಬಿಗಿಯಾದ ಪಟ್ಟಿ ಒಂದೋ ಬೆಸುಗೆಯನ್ನು ಬಿಡಿಸುತ್ತದೆ, ಇಲ್ಲವೇ ಸೆಲ್ಲನ್ನು ಸೀಳುತ್ತದೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ಊಟಕ್ಕೆ ಕುಳಿತುಕೊಳ್ಳಿರಿ, ಬೆಸುಗೆಯಲ್ಲಿ ಸೀಸವಿರುತ್ತದೆ. ಚಿಕ್ಕ ಮಕ್ಕಳನ್ನು ಆ ಕೋಣೆಗೆ ಬಿಡಬೇಡಿರಿ.

ಪ್ಲೈವುಡ್‌ ಪೆಟ್ಟಿಗೆ ಮತ್ತು ಅಕ್ರಿಲಿಕ್‌ ಹಾಳೆ ಅಗ್ಗವಲ್ಲವೇ?

ಅಗ್ಗ, ಮತ್ತು ಎರಡೂ ಬೇಡ. ಎಪ್ಪತ್ತು ಡಿಗ್ರಿ ಕಾಯುವ ಪೆಟ್ಟಿಗೆಯೊಳಗೆ ಒಂದು ಬೆಸುಗೆ ಸಡಿಲವಾಗಿ ಕಿಡಿ ಹಾರಿದರೆ ಹಿಂದೆ ಒಣಗಿದ ಮರವಿರಬಾರದು. ಹುಲ್ಲಿನ ಗುಡಿಸಲಿನ ಮೇಲಂತೂ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಅಕ್ರಿಲಿಕ್‌ ಕಾವಿಗೆ ಡೊಂಕಾಗುತ್ತದೆ, ಮೇಲಾಗಿ ನಮ್ಮ ಧೂಳನ್ನು ಒರೆಸಿ ಒರೆಸಿ ಗೀರುಬಿದ್ದು ಮಬ್ಬಾಗುತ್ತದೆ. ಮುಂದೆ ನಾಲ್ಕು ಮಿಲಿಮೀಟರ್‌ ಟಫನ್ಡ್‌ (ಕಾಯಿಸಿ ಗಟ್ಟಿಮಾಡಿದ) ಗಾಜು, ಹಿಂದೆ ತೆಳು ಗಾಜು ಅಥವಾ ಫೈಬರ್‌ಗ್ಲಾಸ್‌ ಹಾಳೆ, ಸುತ್ತ ಅಲ್ಯೂಮಿನಿಯಂ ಚೌಕಟ್ಟು ಇದು ಕಟ್ಟುವ ಸರಿಯಾದ ರೀತಿ. ಗಾಜು ಪ್ರತಿ ಮಿಲಿಮೀಟರ್‌ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ಅಂದರೆ ಪೂರ್ಣ ಸೆಲ್ಲುಗಳ 150 ವ್ಯಾಟ್‌ ಫಲಕ, ಒಂದೂವರೆ ಮೀಟರ್‌ ಉದ್ದ, ಮುಕ್ಕಾಲು ಮೀಟರಿಗೆ ತುಸು ಕಡಿಮೆ ಅಗಲ, ಮುಂಭಾಗದ ಗಾಜಿನಿಂದಲೇ ಹತ್ತು ಕಿಲೋ ಆಗುತ್ತದೆ. ಚೌಕಟ್ಟಿನ ಮೂಲೆಗಳು ಅದನ್ನು ತಾಳುವಂತಿರಬೇಕು.

ಒಳಗೆ ನೀರು ಹೋಗದಂತೆ ಮುಚ್ಚುವುದು ಹೇಗೆ?

ಕಾರ್ಖಾನೆಯಲ್ಲಿ ಗಾಜು ಮತ್ತು ಸೆಲ್ಲುಗಳ ನಡುವೆ ಇವಿಎ ಎಂಬ ಹಾಳೆಯಿಟ್ಟು, ಗಾಳಿಯನ್ನು ಪೂರ್ತಿ ಹೊರಗೆಳೆದು, 150 ಡಿಗ್ರಿಯ ಸುಮಾರಿಗೆ ಕಾಯಿಸಿ ಒತ್ತುತ್ತಾರೆ. ಮನೆಯಲ್ಲಿ ಬಿಸಿಗಾಳಿಯ ಗನ್ನಿನಿಂದ ಇದನ್ನು ಮಾಡಿದರೆ ಗುಳ್ಳೆಗಳು ಉಳಿಯುತ್ತವೆ, ಸೆಲ್ಲುಗಳೂ ಒಡೆಯುತ್ತವೆ. ಎರಡು ಭಾಗ ಬೆರೆಸಿ ಸುರಿಯುವ ಪಾರದರ್ಶಕ ಸಿಲಿಕೋನ್‌ ದುಬಾರಿಯಾದರೂ ಬಾಳಿಕೆ ಬರುತ್ತದೆ. ಸಾಮಾನ್ಯ ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ, ಅದನ್ನು ಬಳಸಬೇಡಿರಿ. ಬಜೆಟ್ಟು ಬಿಗಿಯಾಗಿದ್ದರೆ ಪ್ರತಿ ಸೆಲ್ಲನ್ನು ಹಿಂದಿನ ಹಾಳೆಗೆ ನಡುವಿನಲ್ಲಿ ಮಾತ್ರ ಒಂದು ಚುಕ್ಕೆ ನ್ಯೂಟ್ರಲ್‌ (ಹುಳಿ ವಾಸನೆ ಇಲ್ಲದ) ಸಿಲಿಕೋನಿನಿಂದ ಅಂಟಿಸಿ, ಗಾಜಿನ ಅಂಚುಗಳನ್ನು ಎರಡು ಸುತ್ತು ಮುಚ್ಚಿರಿ. ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್‌ ತಾಮ್ರವನ್ನು ತಿನ್ನುತ್ತದೆ ಎಂಬುದನ್ನು ನೆನಪಿಡಿರಿ. ಈ ಬಗೆಯ ಫಲಕದ ಒಳಗೆ ಗಾಳಿಯ ಪದರ ಉಳಿಯುವುದರಿಂದ ಕೆಳಗಿನ ಅಂಚಿನಲ್ಲಿ ಎರಡು ಸಣ್ಣ ರಂಧ್ರ ಬಿಟ್ಟು, ಅವುಗಳಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿರಿ. ಇಲ್ಲದಿದ್ದರೆ ಮಳೆಗಾಲದ ತೇವ ಒಳಗೇ ಹನಿಗಟ್ಟುತ್ತದೆ.

ಮುಚ್ಚುವ ಮೊದಲು ಏನೇನು ಪರೀಕ್ಷಿಸಬೇಕು?

ಬಿಸಿಲಿಗೆ ಹಿಡಿದು ಪ್ರತಿ ಸಾಲನ್ನು ಬೇರೆಯಾಗಿ ಅಳೆಯಿರಿ: ಒಂಬತ್ತು ಸೆಲ್ಲಿಗೆ ಏನೂ ಜೋಡಿಸದಿದ್ದಾಗ ಐದು ವೋಲ್ಟಿಗಿಂತ ಹೆಚ್ಚು ಬರಬೇಕು, ಇಡೀ ಫಲಕಕ್ಕೆ 20ರಿಂದ 22. ಕಡಿಮೆ ಬಂದರೆ ಎಲ್ಲೋ ಒಂದು ಸೆಲ್ಲು ತಿರುಗಾಮುರುಗಾ ಆಗಿದೆ ಅಥವಾ ಪಟ್ಟಿಯು ಅಂಚಿಗೆ ತಾಗಿ ಶಾರ್ಟ್‌ ಆಗಿದೆ. ನಂತರ ಮೀಟರನ್ನು 10 ಆಂಪಿಯರ್‌ ಜಾಗಕ್ಕಿಟ್ಟು ಎರಡೂ ತುದಿಗೆ ನೇರವಾಗಿ ಹಿಡಿಯಿರಿ. ಫಲಕವನ್ನು ಹೀಗೆ ಕ್ಷಣಕಾಲ ಶಾರ್ಟ್‌ ಮಾಡಿದರೆ ಅದಕ್ಕೆ ಹಾನಿಯಿಲ್ಲ. ಬ್ಯಾಟರಿಗೆ ಮಾತ್ರ ಎಂದಿಗೂ ಹೀಗೆ ಮಾಡಬಾರದು, ಮೀಟರೂ ಕೈಯೂ ಸುಟ್ಟುಹೋಗುತ್ತವೆ.

ಡಯೋಡ್‌ ಹಾಕಲೇಬೇಕೇ?

ಹಾಕಬೇಕು. ಡಯೋಡ್‌ ಎಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಚಿಕ್ಕ ಬಿಡಿಭಾಗ. ಸಾಲಿನಲ್ಲಿ ಒಂದು ಸೆಲ್ಲಿನ ಮೇಲೆ ಬೇವಿನ ಎಲೆಯೋ ಹಕ್ಕಿಯ ಹಿಕ್ಕೆಯೋ ಬಿದ್ದರೆ ಉಳಿದ 35 ಸೆಲ್ಲುಗಳು ತಮ್ಮ ಬಲವನ್ನೆಲ್ಲ ಆ ಒಂದರ ಮೂಲಕ ನೂಕಲು ನೋಡುತ್ತವೆ. ಅದು ಕಾದು ಕಪ್ಪಾಗುತ್ತದೆ. 18 ಸೆಲ್ಲಿಗೆ ಒಂದರಂತೆ ಎರಡು ಬೈಪಾಸ್‌ (ವಿದ್ಯುತ್ತಿಗೆ ಪಕ್ಕದ ದಾರಿ ಕೊಡುವ) ಡಯೋಡುಗಳು ಈ ಅಪಾಯವನ್ನು ತಪ್ಪಿಸುತ್ತವೆ. ಫಲಕದ ಆಂಪಿಯರಿಗಿಂತ ಒಂದೂವರೆ ಪಟ್ಟು ತಾಳುವ ಶಾಟ್ಕಿ (ಕಡಿಮೆ ವೋಲ್ಟೇಜ್‌ ನುಂಗುವ ಬಗೆಯ) ಡಯೋಡ್‌ ಆರಿಸಿರಿ.

ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ನಿಲ್ಲಿಸಬೇಕು?

ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಅಕ್ಷಾಂಶದಷ್ಟು ಓರೆ ಕೊಡಿರಿ: ಬಳ್ಳಾರಿ ಮತ್ತು ಕೊಪ್ಪಳದಲ್ಲಿ 15 ಡಿಗ್ರಿ, ರಾಯಚೂರಿನಲ್ಲಿ 16. ಕೋನಮಾಪಕ ಇಲ್ಲದವರು ಪ್ರತಿ ಒಂದು ಮೀಟರ್‌ ಉದ್ದಕ್ಕೆ ಉತ್ತರದ ಅಂಚನ್ನು 26 ಸೆಂಟಿಮೀಟರ್‌ ಎತ್ತಿದರೆ ಸಾಕು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆಗ 40–45 ಸೆಂಟಿಮೀಟರ್‌ ಎತ್ತುವಂತೆ ಕಾಲುಗಳಿಗೆ ಎರಡು ತೂತು ಇಟ್ಟುಕೊಳ್ಳಬಹುದು. ದಿಕ್ಕು ಗುರುತಿಸಲು ನೆಲಕ್ಕೆ ಒಂದು ನೇರ ಕೋಲು ನೆಟ್ಟು, ಮಧ್ಯಾಹ್ನ ಅತಿ ಚಿಕ್ಕದಾಗುವ ನೆರಳನ್ನು ಗೆರೆ ಎಳೆಯಿರಿ, ಅದೇ ಉತ್ತರ-ದಕ್ಷಿಣ. ನಮ್ಮಲ್ಲಿ ಆ ಹೊತ್ತು ಹನ್ನೆರಡಕ್ಕೆ ಸರಿಯಾಗಿ ಬರುವುದಿಲ್ಲ, ಸುಮಾರು 12:20ರ ಆಸುಪಾಸು ಬರುತ್ತದೆ, ಏಕೆಂದರೆ ಭಾರತದ ಗಡಿಯಾರ ನಡೆಯುವುದು ನಮಗಿಂತ ಪೂರ್ವದ 82.5 ಡಿಗ್ರಿ ರೇಖಾಂಶದ ಮೇಲೆ. ಮೇ ಮೊದಲ ವಾರ ಮತ್ತು ಆಗಸ್ಟ್‌ ಎರಡನೆಯ ವಾರದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆರಳು ಸಿಗುವುದಿಲ್ಲ. ಆ ದಿನಗಳಲ್ಲಿ ಮೊಬೈಲಿನ ದಿಕ್ಸೂಚಿ ನೋಡಿರಿ.

ನಮ್ಮದು ಮಣ್ಣಿನ ಮಾಳಿಗೆ. ಅದರ ಮೇಲೆ ಹೇಗೆ ಕೂರಿಸುವುದು?

ಮಾಳಿಗೆಗೆ ತೂತು ಕೊರೆಯಬಾರದು. ಒಂದು ಮಳೆಗಾಲದಲ್ಲಿ ಜಂತೆಗಳೇ ಕೊಳೆಯುತ್ತವೆ. ಕಬ್ಬಿಣದ ಕೋನಪಟ್ಟಿಯ ನಾಲ್ಕು ಕಾಲಿನ ಸ್ಟ್ಯಾಂಡ್‌ ಮಾಡಿಸಿ, ಗೋಡೆ ಇರುವ ಜಾಗದ ಮೇಲೆಯೇ ಭಾರ ಬೀಳುವಂತೆ ಇಟ್ಟು, ಕಾಲಿಗೆ ಕಾಂಕ್ರೀಟ್‌ ದಿಂಡು ಅಥವಾ ಕಲ್ಲುಗಳನ್ನು ಕಟ್ಟಿರಿ. ಆಷಾಢದ ಗಾಳಿಯನ್ನು ಹಗುರವಾಗಿ ಎಣಿಸಬೇಡಿರಿ: ಗಂಟೆಗೆ 100 ಕಿಲೋಮೀಟರ್‌ ವೇಗದ ಬಿರುಗಾಳಿ ಒಂದು ಚದರ ಮೀಟರಿನ ಮೇಲೆ 45–50 ಕಿಲೋ ತೂಕದಷ್ಟು ಒತ್ತುತ್ತದೆ. ಎರೆಹೊಲದಲ್ಲಿ ಕಂಬ ನೆಡುವವರು ಕುಣಿಯನ್ನು ಆಳವಾಗಿ ತೋಡಿ ಗೊರಚು ಮತ್ತು ಕಲ್ಲು ತುಂಬಿರಿ, ಎರೆ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ಆಳವಿಲ್ಲದೆ ನೆಟ್ಟ ಕಂಬ ವಾಲಿಹೋಗುತ್ತದೆ. ಫಲಕದ ಹಿಂದೆ ಒಂದು ಗೇಣಾದರೂ ಗಾಳಿಯಾಡಲು ಜಾಗ ಬಿಡಿರಿ. ಕಾದ ತಗಡಿನ ಮೇಲೆ ನೇರವಾಗಿ ಮಲಗಿಸಬೇಡಿರಿ.

ಬ್ಯಾಟರಿ, ಕಂಟ್ರೋಲರ್‌, ವೈರು ಯಾವುದನ್ನು ಆರಿಸಬೇಕು?

70 ವ್ಯಾಟ್‌-ಗಂಟೆಯ ಬಳಕೆ ಎಂದರೆ 12 ವೋಲ್ಟ್‌ನಲ್ಲಿ ಸುಮಾರು ಆರು ಆಂಪಿಯರ್‌-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆದ್ದರಿಂದ ಒಂದು ರಾತ್ರಿಗೆ 12, ಮೋಡದ ದಿನಕ್ಕೆಂದು ಇನ್ನೊಂದು ರಾತ್ರಿ ಸೇರಿಸಿದರೆ 24 ಆಂಪಿಯರ್‌-ಗಂಟೆಯ ಬ್ಯಾಟರಿ ಬೇಕು. ಹಳೆಯ ಬೈಕ್‌, ಟ್ರ್ಯಾಕ್ಟರ್‌ ಬ್ಯಾಟರಿಗಳು ಗಾಡಿ ಎಬ್ಬಿಸಲು ಮಾಡಿದವು. ದಿನವೂ ಇಳಿದು ಏರುವ ಕೆಲಸಕ್ಕೆ ತಾಳುವುದಿಲ್ಲ. ಲಿಥಿಯಂ ಐರನ್‌ ಫಾಸ್ಫೇಟ್‌ ಬ್ಯಾಟರಿ ಮೊದಲಿಗೆ ದುಬಾರಿ, ಆದರೆ ಬಹುಪಾಲು ಸಾಮರ್ಥ್ಯವನ್ನು ದಿನವೂ ಬಳಸಬಹುದು ಮತ್ತು ಹೆಚ್ಚು ವರ್ಷ ಬರುತ್ತದೆ. ಕೈಯಲ್ಲಿ ಹಣವಿದ್ದರೆ ಹೆಚ್ಚಿನದನ್ನು ಇಲ್ಲಿಯೇ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಯಾವ ಬಗೆಯ ಬ್ಯಾಟರಿಯಾದರೂ ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಡಿರಿ.

ಫಲಕದಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವುದು ಕಂಟ್ರೋಲರ್‌. ಚಿಕ್ಕ ಫಲಕಕ್ಕೆ ಪಿಡಬ್ಲ್ಯುಎಂ ಎಂಬ ಅಗ್ಗದ ಬಗೆ ಸಾಕು. ಹೆಚ್ಚುವರಿ ವೋಲ್ಟೇಜನ್ನು ಆಂಪಿಯರ್‌ ಆಗಿಸಿಕೊಡುವುದು ಎಂಪಿಪಿಟಿ ಎಂಬ ದುಬಾರಿ ಬಗೆಯ ಗುಣ. ನಮ್ಮ ಬಿಸಿಯಲ್ಲಿ ಫಲಕದ ವೋಲ್ಟೇಜೇ ಬ್ಯಾಟರಿಯ ಹತ್ತಿರಕ್ಕೆ ಇಳಿದಿರುವಾಗ ಅದಕ್ಕೆ ಮಾಡಲು ಹೆಚ್ಚು ಕೆಲಸ ಉಳಿದಿರುವುದಿಲ್ಲ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಫಲಕ ಜೋಡಿಸಿರಿ. ಬಿಚ್ಚುವಾಗ ಮೊದಲು ಫಲಕ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸ್‌ ಇರಲಿ.

ವೈರಿನಲ್ಲಿ ಜಿಪುಣತನ ಬೇಡ. 8 ಆಂಪಿಯರ್‌ ಹರಿಯುವಾಗ ಹತ್ತು ಮೀಟರ್‌ ದೂರಕ್ಕೆ 1.5 ಚದರ ಮಿಲಿಮೀಟರ್‌ ವೈರು ಎಳೆದರೆ ಸುಮಾರು ಎರಡು ವೋಲ್ಟ್‌ ದಾರಿಯಲ್ಲೇ ಮಾಯವಾಗುತ್ತದೆ; 4 ಚದರ ಮಿಲಿಮೀಟರಿನದರಲ್ಲಿ ಮುಕ್ಕಾಲು ವೋಲ್ಟ್‌ ಮಾತ್ರ. 18 ವೋಲ್ಟ್‌ ಬೇಸಿಗೆಯಲ್ಲಿ 15 ಆಗುವ ಊರಿನಲ್ಲಿ ಈ ಒಂದು ವೋಲ್ಟೇ ಬ್ಯಾಟರಿ ತುಂಬುವುದನ್ನೂ ತುಂಬದಿರುವುದನ್ನೂ ನಿರ್ಧರಿಸುತ್ತದೆ.

ಈ ಫಲಕವನ್ನು ಮನೆಯ ಮೀಟರಿಗೆ ಜೋಡಿಸಿ ಜೆಸ್ಕಾಂಗೆ (ನಮ್ಮ ಭಾಗದ ವಿದ್ಯುತ್‌ ಸರಬರಾಜು ಕಂಪನಿಗೆ) ವಿದ್ಯುತ್‌ ಮಾರಬಹುದೇ?

ಜೋಡಿಸಲೇಬಾರದು. ಗ್ರಿಡ್ಡಿಗೆ, ಅಂದರೆ ಸರಬರಾಜು ಲೈನಿಗೆ, ಸೇರುವ ಫಲಕಕ್ಕೆ ಮಾನ್ಯತೆ ಪಡೆದ ಪರೀಕ್ಷೆಗಳ ಪ್ರಮಾಣಪತ್ರ ಬೇಕು. ಕಾನೂನಿಗಿಂತ ಮೊದಲಿನ ಕಾರಣವೆಂದರೆ, ಕರೆಂಟು ಹೋಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಇನ್ವರ್ಟರಿನಿಂದ ಹಿಂದಕ್ಕೆ ಹರಿದ ವಿದ್ಯುತ್ತು ತಾಗಿದರೆ ಆತನ ಜೀವವೇ ಹೋಗುತ್ತದೆ. ಇಡೀ ಮನೆಗೆ ಸೌರ ವಿದ್ಯುತ್‌ ಬೇಕಾದವರು 2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್‌ ಯೋಜನೆಯಲ್ಲಿ ಅರ್ಜಿ ಹಾಕುವುದು ಸರಿಯಾದ ದಾರಿ. ಅದರಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಅಥವಾ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಮನೆಯಲ್ಲಿ ಕಟ್ಟಿದ ಫಲಕಕ್ಕೆ ಇದು ಸಿಗುವುದಿಲ್ಲ.

ಬೋರ್‌ವೆಲ್‌ ಪಂಪು ನಡೆಯುತ್ತದೆಯೇ?

ಇಲ್ಲ. ಒಂದು ಎಚ್‌.ಪಿ. ಎಂದರೆ 746 ವ್ಯಾಟ್‌; ಐದು ಎಚ್‌.ಪಿ. ಪಂಪಿಗೆ ಸುಮಾರು ಐದು ಕಿಲೋವ್ಯಾಟ್‌ ಫಲಕಗಳು ಬೇಕು. ಅಷ್ಟನ್ನು ಸಾಲಾಗಿ ಜೋಡಿಸಿದಾಗ ನೂರಾರು ವೋಲ್ಟ್‌ ಡಿಸಿ ಆಗುತ್ತದೆ, ಅದು ಮನೆಯ ಕರೆಂಟಿಗಿಂತಲೂ ಅಪಾಯಕಾರಿ. ರೈತರು ಕುಸುಮ್‌ ಯೋಜನೆಯ ಸೌರ ಪಂಪಿಗೆ ಅರ್ಜಿ ಸಲ್ಲಿಸಲಿ.

ಧೂಳನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಗಾಜಿನ ಮೇಲೆ ಬೆರಳೆಳೆದಾಗ ಗೆರೆ ಮೂಡಿದರೆ ತೊಳೆಯುವ ಹೊತ್ತಾಗಿದೆ. ಗಿಣಿಗೇರಾ, ಹಿರೇಬಗನಾಳ ಸುತ್ತಮುತ್ತ ಕಾರ್ಖಾನೆಗಳ ಕರಿಧೂಳು ಬೀಳುವಲ್ಲಿ, ಸಂಡೂರು ದಾರಿಯ ಕೆಂಧೂಳು ಹಾರುವಲ್ಲಿ ಇದು ವಾರಕ್ಕೊಮ್ಮೆಯಾದರೂ ಬೇಕಾಗುತ್ತದೆ. ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ಅಷ್ಟು ಬೇಡ. ನಮ್ಮ ಬೋರಿನ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ, ಅದು ಧೂಳಿಗಿಂತ ಹಟಮಾರಿ. ಕಾಲುವೆಯ ಸೋಸಿದ ನೀರು, ಮಳೆನೀರು ಅಥವಾ ಊರಿನ ಶುದ್ಧ ನೀರಿನ ಘಟಕದ ಎರಡು ಚೊಂಬು ನೀರು ಮತ್ತು ಮೆತ್ತನೆಯ ಹತ್ತಿಬಟ್ಟೆ ಸಾಕು. ಸೂರ್ಯ ಏರುವ ಮೊದಲೇ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸಾದಾ ಗಾಜು ಸೀಳಬಹುದು.

ಹಳೆಯ ಫಲಕ ಕೊಂಡರೆ ಇನ್ನೂ ಅಗ್ಗವಲ್ಲವೇ?

ಹಲವರಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಗಾಜು ಒಡೆಯದ, ಹಿಂದಿನ ಬಿಳಿ ಹಾಳೆ ಬಿರಿಯದ, ಕಂದು ಕಲೆಗಳಿಲ್ಲದ ಫಲಕವನ್ನು ಬಿಸಿಲಿನಲ್ಲಿ ಅಳೆದು, ಹಿಂಬದಿಯ ಚೀಟಿಯಲ್ಲಿರುವ ಆಂಪಿಯರಿನ ಮುಕ್ಕಾಲು ಭಾಗವಾದರೂ ನಡು ಮಧ್ಯಾಹ್ನ ಬಂದರೆ ಕೊಳ್ಳಿರಿ. ಆದರೆ ಚೀಟಿ ಕಿತ್ತ ಫಲಕವನ್ನು, ರಸೀದಿ ಕೊಡದವರ ಬಳಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿರಿ. ಬೀದಿದೀಪದ ಮತ್ತು ಹೊಲದ ಪಂಪಿನ ಫಲಕಗಳನ್ನು ಕದ್ದು ಮಾರುವವರಿದ್ದಾರೆ, ಮತ್ತೊಬ್ಬ ರೈತನ ನಷ್ಟದಿಂದ ನಮ್ಮ ಗುಡಿಸಲು ಬೆಳಗಬಾರದು.

ಮನೆಯಲ್ಲಿ ಮಾಡಿದ್ದು ಎಷ್ಟು ವರ್ಷ ಬರುತ್ತದೆ? ಕೆಟ್ಟ ಮೇಲೆ ಏನು ಮಾಡಬೇಕು?

ಕಾರ್ಖಾನೆಯ ಫಲಕಕ್ಕೆ 25 ವರ್ಷದ ಭರವಸೆ ಇರುತ್ತದೆ. ಮನೆಯದಕ್ಕೆ ಅದನ್ನು ನಿರೀಕ್ಷಿಸಬಾರದು. ಅಂಚಿನ ಸಿಲಿಕೋನನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ನೋಡಿ ಸರಿಪಡಿಸಿದರೆ ಹಲವು ವರ್ಷ ದುಡಿಯುತ್ತದೆ, ನಿರ್ಲಕ್ಷಿಸಿದರೆ ಎರಡನೆಯ ಮಳೆಗಾಲಕ್ಕೇ ಪಟ್ಟಿಗಳು ಹಸಿರು ಕಟ್ಟುತ್ತವೆ. ಕೆಟ್ಟ ಫಲಕದ ಗಾಜು, ಅಲ್ಯೂಮಿನಿಯಂ, ಡಯೋಡು, ವೈರು ಮುಂದಿನದಕ್ಕೆ ಬರುತ್ತವೆ. ಸೀಸದ ಹಳೆಯ ಬ್ಯಾಟರಿಯನ್ನು ಮಾತ್ರ ಹಿತ್ತಲಲ್ಲಿ ಒಡೆಯಬೇಡಿರಿ, ಆಸಿಡ್ಡನ್ನು ಚರಂಡಿಗೋ ಹೊಲದ ಬದುವಿಗೋ ಚೆಲ್ಲಬೇಡಿರಿ. ಹೊಸದನ್ನು ಕೊಳ್ಳುವಾಗ ಅಂಗಡಿಯವರು ಹಳೆಯದನ್ನು ತೂಕದ ಲೆಕ್ಕದಲ್ಲಿ ಹಿಂತೆಗೆದುಕೊಂಡು ಬೆಲೆಯಲ್ಲಿ ಅಷ್ಟನ್ನು ಕಳೆಯುತ್ತಾರೆ, ಆ ರಿಯಾಯಿತಿಯನ್ನು ಕೇಳಿ ಪಡೆಯಿರಿ.